ಮಕ್ಕಳಿಬ್ಬರ ಕೋಣೆ: ಸ್ಟಿಕ್ಕರ್, ಡಿಸ್ಟೆಂಪರ್, ಸುಣ್ಣಗಳಲ್ಲಿ ಮಳೆಗೆ ನಿಂತದ್ದು ಯಾವುದು?

ಮಲೆನಾಡಿನಲ್ಲಿ ಮಕ್ಕಳ ಕೋಣೆಗೆ ಹಾಕಿದ ದುಡ್ಡಿನ ಲೆಕ್ಕವನ್ನು ಪುನರ್ವಸು, ಪುಷ್ಯ ಮಳೆಗಳು ಕಳೆದ ಮೇಲೆಯೇ ನೋಡಬೇಕು. ತೀರ್ಥಹಳ್ಳಿಯ ಹತ್ತಿರವಿರುವ ನಮ್ಮ ಮನೆ ಜಂಬಿಟ್ಟಿಗೆ ಕಲ್ಲಿನದು, ಮೇಲೆ ಮಂಗಳೂರು ಹೆಂಚು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ನಮ್ಮಲ್ಲಿ ಅಷ್ಟಿಲ್ಲ, ಆದರೆ ಆಷಾಢದಲ್ಲಿ ಗೋಡೆ ಒಸರುವುದಕ್ಕೆ ಧಾರಾಳವಾಗಿ ಸಾಕು. ಏಳನೆಯ ತರಗತಿಯ ಮಗಳಿಗೂ ಯುಕೆಜಿಯ ಮಗನಿಗೂ ಒಂದೇ ಕೋಣೆ. 15,000 ರೂಪಾಯಿ ದಾಟಬಾರದೆಂದು ನನ್ನವರೂ ನಾನೂ ಮಾತಾಡಿಕೊಂಡೆವು. ಯಾವುದು ಬಾಳುತ್ತದೆಂದು ತಿಳಿಯಲು ಒಂದೊಂದು ಗೋಡೆಗೆ ಒಂದೊಂದು ಬಗೆ ಹಾಕಿ, ಒಂದು ಮಳೆಗಾಲ ಪೂರ್ತಿ ನೋಡಿದೆವು.

ಸ್ಟಿಕ್ಕರಿಗೆ ಒಳ್ಳೆಯ ಜಾಗವನ್ನೇ ಕೊಟ್ಟೆವು: ಜಗಲಿಯ ಕಡೆಗಿರುವ ಒಳಗೋಡೆ, ಎರಚಲು ತಾಗದ್ದು. ಆನೆ, ಬಲೂನು, ಮೋಡಗಳಿರುವ ಅಂಟುಹಾಳೆಗೆ 2,200 ರೂಪಾಯಿ ಆಯಿತು. ಅಂಟಿಸಿದ ದಿನ ಕೋಣೆ ನಿಜಕ್ಕೂ ಚೆಂದ ಕಂಡಿತು, ಮಗ ಆ ಗೋಡೆಯ ಮುಂದಿನಿಂದ ಏಳಲೇ ಇಲ್ಲ. ಆರಿದ್ರಾ ಮಳೆ ಹಿಡಿದ ಮೇಲೆ ಮೂಲೆಗಳು ಸುರುಳಿಯಾದವು. ಕೆಳಗಿನ ಅಂಚನ್ನು ಎತ್ತಿ ನೋಡಿದರೆ ಹಾಳೆಯ ಬೆನ್ನಿಗೆ ಸಾಸಿವೆ ಚೆಲ್ಲಿದಂತೆ ಕಪ್ಪು ಬೂಷ್ಟು, ಮೂಗಿಗೆ ಹೊಡೆಯುವ ಮುಗ್ಗಲು ವಾಸನೆ. ತಳಪಾಯದಿಂದ ಕಲ್ಲು ನೀರು ಹೀರುತ್ತದೆ. ಅದು ಆವಿಯಾಗಿ ಹೋಗಲು ಪ್ಲಾಸ್ಟಿಕ್ ಹಾಳೆ ಬಿಡುವುದಿಲ್ಲ. ಮಕ್ಕಳು ಮಲಗುವ ಕೋಣೆಯಲ್ಲಿ ಬೂಷ್ಟು ಬೆಳೆಸುವುದು ನನಗೆ ಒಪ್ಪಿಗೆಯಿಲ್ಲ. ಶೀತ, ಕೆಮ್ಮು ಬೇಗ ಹಿಡಿಯುವ ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ.

ಉತ್ತರದ ಗೋಡೆಗೆ ತಿಳಿಹಸಿರು ಡಿಸ್ಟೆಂಪರ್ ಬಳಿಸಿದೆವು. ಪ್ರೈಮರ್, ಪುಟ್ಟಿ, ಕೂಲಿ ಸೇರಿ ಒಂದೇ ಗೋಡೆಗೆ 3,000ದ ಹತ್ತಿರ ಹೋಯಿತು. ಇದರ ದೊಡ್ಡ ಗುಣವೆಂದರೆ ಒರೆಸಬಹುದು: ಪೆನ್ಸಿಲ್ ಗೀರು, ಎಣ್ಣೆಗೈಯ ಗುರುತುಗಳು ಒದ್ದೆ ಬಟ್ಟೆಗೆ ಬಹುಮಟ್ಟಿಗೆ ಹೋಗುತ್ತವೆ. ಸೊಂಟದ ಮೇಲಿನ ಭಾಗ ಮಳೆಗಾಲ ಮುಗಿದರೂ ಚೆನ್ನಾಗಿಯೇ ಇತ್ತು. ನೆಲದಿಂದ ಒಂದು ಮೊಳದವರೆಗೆ ಮಾತ್ರ ಗುಳ್ಳೆ ಎದ್ದು ಹಪ್ಪಳದ ಹಾಗೆ ಸುಲಿಯಿತು, ಮಗ ಕುಳಿತಲ್ಲೇ ಉಗುರಿನಿಂದ ಕೆರೆಯತೊಡಗಿದ.

ಸುಣ್ಣಕ್ಕೆ ಉಳಿದದ್ದು ಪಡುವಣ ಗೋಡೆ, ಎರಚಲು ನೇರವಾಗಿ ಹೊಡೆಯುವ ಜಾಗ. ಸುಣ್ಣ, ಗೋಂದು, ಕತ್ತಾಳೆ ನಾರಿನ ಕುಂಚ, ಒಂದಿಷ್ಟು ನೀಲಿ ಎಲ್ಲ ಸೇರಿ 700 ರೂಪಾಯಿ. ಅದೇ ಸಾಮಾನು ಆಮೇಲೆ ಕೋಣೆಯಿಡೀ ಬಳಿಯಲೂ ಸಾಕಾಯಿತು. ಕೆಲಸ ನಮ್ಮದೇ. ಸುಣ್ಣ ಬಳಿಯುವಾಗ ಆತುರ ಕೂಡದು. ಗೋಡೆಗೆ ಮೊದಲು ನೀರು ಚಿಮುಕಿಸಿ, ಹಾಲಿನಷ್ಟು ತೆಳ್ಳಗೆ ಕದಡಿ, ಒಂದು ಕೈ ಒಣಗಿದ ಮೇಲೆ ಇನ್ನೊಂದು ಕೈ. ಬಳಿಯುವಾಗ ಏನೂ ಕಾಣುವುದಿಲ್ಲ, ಗೋಡೆ ಬರೀ ಒದ್ದೆಯಾದಂತಿರುತ್ತದೆ. ಮಾರನೆಯ ದಿನ ನೋಡಿದರೆ ಬೆಳ್ಳಗೆ ತಿರುಗಿರುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸುಣ್ಣ ಮತ್ತೆ ಕಲ್ಲಾಗುವ ಬಗೆ ಅದು. ತುಂಬ ಕ್ಷಾರವಾದ್ದರಿಂದ ಬೂಷ್ಟು ಸುಲಭಕ್ಕೆ ಹಿಡಿಯುವುದಿಲ್ಲ, ಸೂಕ್ಷ್ಮ ರಂಧ್ರಗಳಿರುವುದರಿಂದ ಗೋಡೆಯ ತೇವವೂ ಹೊರಗೆ ಹೋಗುತ್ತದೆ. ಪುಷ್ಯ ಮಳೆಯಲ್ಲಿ ಅಲ್ಲಲ್ಲಿ ಮಬ್ಬು ಕಲೆ ಕಂಡಿತು, ನಾಲ್ಕು ಬಿಸಿಲಿಗೆ ಮಾಯವಾಯಿತು. ಕೊರತೆಯೂ ಇದೆ: ಒರಗಿ ಕುಳಿತರೆ ಅಂಗಿಗೆ ಸ್ವಲ್ಪ ಬಿಳಿ ಹತ್ತುತ್ತದೆ, ಗೀಚಿದ್ದನ್ನು ಒರೆಸಲಾಗದು, ಅದರ ಮೇಲೆ ಮತ್ತೆ ಸುಣ್ಣವನ್ನೇ ಬಳಿಯಬೇಕು. ಹಳೆಯ ಡಿಸ್ಟೆಂಪರ್ ಮೇಲೆ ಸುಣ್ಣ ಕಚ್ಚುವುದಿಲ್ಲ, ಪೂರ್ತಿ ಕೆರೆದೇ ಬಳಿಯಬೇಕು. ಇನ್ನೊಂದು ಮಾತು: ಸುಣ್ಣದ ಕಲ್ಲಿಗೆ ನೀರು ಹಾಕಿದಾಗ ಕೊತಕೊತ ಕುದಿಯುತ್ತದೆ, ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ಆ ಹೊತ್ತಿನಲ್ಲಿ ಮಕ್ಕಳು ಹತ್ತಿರ ಸುಳಿಯಬಾರದು.

ಹಾಗಾದರೆ ಬಣ್ಣ ಬೇಡವೇ? ಸಾಗರದ ಕಡೆಯ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರ ನಮ್ಮ ಜಿಲ್ಲೆಯ ಸೊತ್ತು: ಕೆಮ್ಮಣ್ಣು, ಅಕ್ಕಿಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ. ಅವರ ಕೈಯ ನೇರ ಗೆರೆ ನಮಗೆ ಬರುವಂಥದ್ದಲ್ಲ, ಅದನ್ನು ಹಾಗೆಯೇ ನಕಲು ಮಾಡಲು ನಾವು ಹೋಗಲೂ ಇಲ್ಲ. ಕೆಮ್ಮಣ್ಣನ್ನು ಮಾತ್ರ ಎರವಲು ಪಡೆದೆವು. ತೋಟದ ದರೆಯಿಂದ ತಂದ ಮಣ್ಣನ್ನು ಮಗಳು ಹಳೆಯ ಪಂಚೆಯಲ್ಲಿ ಸೋಸಿ, ತಿಳಿ ಬಸಿದು, ಕೆಳಗೆ ನಿಂತ ನುಣ್ಣನೆಯ ಕೆಸರನ್ನು ಸುಣ್ಣದ ನೀರಿಗೆ ಕಲಸಿದಳು. ಅದರಲ್ಲಿ ಗೋಡೆಯ ಸುತ್ತ ಒಂದು ಗೇಣಿನ ಪಟ್ಟಿ, ಪಟ್ಟಿಯ ಮೇಲೆ ತನ್ನದೇ ಅಡಿಕೆ ಮರಗಳ ಸಾಲು. ಮಣ್ಣಿನ ಕೆಂಪು ಸುಣ್ಣದ ಕ್ಷಾರಕ್ಕೆ ಮಾಸುವುದಿಲ್ಲ, ಅಂಗಡಿಯ ಎಷ್ಟೋ ಬಣ್ಣಗಳು ಮಾಸುತ್ತವೆ. 2,200 ರೂಪಾಯಿಯ ಆನೆಗಿಂತ ಈ ಅಡಿಕೆ ಸಾಲೇ ನನಗೆ ಮೇಲು.

ಮಂಚದ ವಿಷಯ. ಒಂದರ ಮೇಲೊಂದು ಹಾಸಿಗೆಯಿರುವ ಅಟ್ಟಣಿಗೆಯ ಕಬ್ಬಿಣದ ಮಂಚ ಹೊಸದು 18,000 ಎಂದರು. ಶಿವಮೊಗ್ಗದ ಅತ್ತಿಗೆಯ ಮನೆಯಲ್ಲಿ ಬಳಸದೆ ಇದ್ದುದನ್ನು ತಂದು ಹಾಕಿ ನೋಡಿದೆವು. ಜಾಗ ಉಳಿಯುವುದು ನಿಜ, ಮಕ್ಕಳಿಗೆ ಅದರ ಮೇಲೆ ಪ್ರಾಣ. ಆದರೆ ಹೆಂಚಿನ ಮನೆಯಲ್ಲಿ ಮೇಲಿನ ಹಾಸಿಗೆ ಫ್ಯಾನಿನ ರೆಕ್ಕೆಗೆ ತೀರ ಹತ್ತಿರ, ಏಪ್ರಿಲ್ ತಿಂಗಳಲ್ಲಿ ಹೆಂಚಿನ ಕಾವೂ ನೇರ. ಆರು ವರ್ಷ ತುಂಬದ ಮಕ್ಕಳನ್ನು ಮೇಲೆ ಮಲಗಿಸಬಾರದು ಎಂಬುದು ಸುರಕ್ಷತೆಯ ಸಾಮಾನ್ಯ ನಿಯಮ, ಮಗ ಹತ್ತದಂತೆ ಕಾಯುವುದೇ ಒಂದು ಕೆಲಸವಾಯಿತು. ಮಳೆಗಾಲದಲ್ಲಿ ಬೋಲ್ಟುಗಳ ಸುತ್ತ ತುಕ್ಕು ಬಂದು ಹೊದಿಕೆಗೆ ಕಲೆ ಹಿಡಿಯಿತು.

ಅದನ್ನು ಹಿಂದಿರುಗಿಸಿ, ಅಟ್ಟದಲ್ಲಿದ್ದ ಎರಡು ಹಳೆಯ ಹಲಸಿನ ಮಂಚಗಳನ್ನು ಇಳಿಸಿದೆವು. ಊರಿನ ಆಚಾರ್ಯರು ಒಂದರ ಕಾಲು ಕತ್ತರಿಸಿ ಗಾಲಿ ಹಾಕಿ, ಇನ್ನೊಂದರ ಅಡಿಗೆ ಸರಿಯುವಂತೆ ಮಾಡಿಕೊಟ್ಟರು. ಅಡಿಗೆ ಪ್ಲೈವುಡ್ ಹಾಕಿಬಿಡಿ ಎಂದೆ. “ಬೇಡ ಅಮ್ಮಾ, ಹಾಸಿಗೆಗೂ ಗಾಳಿ ಬೇಕು. ಪಟ್ಟಿ ಹೊಡೆದು ನಡುವೆ ಎರಡು ಬೆರಳು ಬಿಡುತ್ತೇನೆ” ಎಂದರು. ಆ ಎರಡು ಬೆರಳಿನ ಸಂದಿನಿಂದಾಗಿ ತೆಂಗಿನ ನಾರಿನ ಹಾಸಿಗೆಯ ಅಡಿ ಶ್ರಾವಣದಲ್ಲೂ ಒಣಗಿಯೇ ಇತ್ತು. ಒಟ್ಟು ಖರ್ಚು 6,500. ಹಗಲು ಕೆಳಗಿನ ಮಂಚವನ್ನು ಒಳಗೆ ತಳ್ಳಿದರೆ ಆಡಲು ನೆಲ ಸಿಗುತ್ತದೆ. ಮಂಚವನ್ನು ಗೋಡೆಯಿಂದ ಒಂದು ಗೇಣು ದೂರ ಇಡಬೇಕು.

ಇಬ್ಬರ ನಡುವಿನ ಮರೆಗೆ ಪುಸ್ತಕದ ರ‍್ಯಾಕ್ ಇಟ್ಟರೆ ಗಾಳಿ ನಿಲ್ಲುತ್ತದೆ. ಬಿದಿರಿನ ಗಳಕ್ಕೆ ಹಳೆಯ ವಾಯಿಲ್ ಸೀರೆ ಇಳಿಬಿಟ್ಟೆವು, ಖರ್ಚಿಲ್ಲ, ಒಗೆದರೆ ಬೇಗ ಒಣಗುತ್ತದೆ. ಗೋಡೆಯ ಗೂಡುಗಳಲ್ಲಿ ಒಂದು ಅಕ್ಕನದು, ಒಂದು ತಮ್ಮನದು. ಮಗಳು ತನ್ನ ಗೂಡಿಗೂ ಕೆಮ್ಮಣ್ಣು ಬಳಿದಳು, ಮಗ ನೀಲಿ ಕೇಳಿದ.

ಶಿವಮೊಗ್ಗ ನಗರದಲ್ಲಿ, ತಾರಸಿ ಮನೆಯಲ್ಲಿ, ಒಣ ಗೋಡೆಯ ನಡುವೆ ಇರುವವರಿಗೆ ನಾನು ಸುಣ್ಣವನ್ನು ಒತ್ತಾಯಿಸುವುದಿಲ್ಲ. ಅಲ್ಲಿ ಡಿಸ್ಟೆಂಪರ್ ಬಾಳುತ್ತದೆ. ಫ್ಯಾನ್ ದೂರವಿದ್ದು ಮಕ್ಕಳಿಬ್ಬರೂ ದೊಡ್ಡವರಾಗಿದ್ದರೆ ಅಟ್ಟಣಿಗೆಯ ಮಂಚವೂ ಸರಿ. ತೀರ್ಥಹಳ್ಳಿ, ಹೊಸನಗರದ ಕಡೆಯ ಕಲ್ಲುಗೋಡೆಗಳಿಗೆ ಮಾತ್ರ ಸುಣ್ಣವೇ ಇರಲಿ. ಅದನ್ನೂ ಯುಗಾದಿಯ ಆಸುಪಾಸಿನಲ್ಲೇ ಬಳಿದು ಮುಗಿಸಿ, ಮಳೆ ಹಿಡಿಯುವ ಮೊದಲು ಗಟ್ಟಿಯಾಗಲು ಅದಕ್ಕೆ ಎರಡು ತಿಂಗಳಾದರೂ ಸಿಗಲಿ.