ವಿದ್ಯಾನಗರದ ಜೆರಾಕ್ಸ್ ಅಂಗಡಿ: ಕೃತಿಸ್ವಾಮ್ಯ ಬಲ್ಲವರ ಸೇವೆ

ದಾವಣಗೆರೆಯ ವಿದ್ಯಾನಗರದಲ್ಲಿರುವ ಈ ಜೆರಾಕ್ಸ್ ಅಂಗಡಿಯ ಬಗ್ಗೆ ಬರೆಯಲು ಕಾರಣ ಅದರ ದರವಲ್ಲ, ಅಲ್ಲಿ ಪಾಲಿಸುವ ಕ್ರಮ. ಟೆಲಿಗ್ರಾಂನಲ್ಲಿ ಹರಿದಾಡುವ ಇಡೀ ಪಠ್ಯಪುಸ್ತಕದ ಪಿಡಿಎಫ್ ತಂದು ಪ್ರಿಂಟ್ ಕೇಳಿದರೆ ಮಾಲೀಕರು ಒಪ್ಪುವುದಿಲ್ಲ. ಆದರೆ ಮೇಷ್ಟ್ರು ಪಾಠಕ್ಕೆಂದು ಗುರುತು ಹಾಕಿಕೊಟ್ಟ ಅಧ್ಯಾಯಗಳನ್ನು ತಕರಾರಿಲ್ಲದೆ ತೆಗೆದುಕೊಡುತ್ತಾರೆ.

ಈ ವ್ಯತ್ಯಾಸಕ್ಕೆ ಕಾನೂನಿನ ಆಧಾರವಿದೆ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 52ನೇ ಕಲಂ, ಬೋಧನೆಯ ಭಾಗವಾಗಿ ಶಿಕ್ಷಕರೋ ವಿದ್ಯಾರ್ಥಿಗಳೋ ಮಾಡಿಕೊಳ್ಳುವ ಪ್ರತಿಯನ್ನು ಉಲ್ಲಂಘನೆಯೆಂದು ಎಣಿಸುವುದಿಲ್ಲ. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯೊಂದರ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮುಂತಾದ ಪ್ರಕಾಶಕರು ಹೂಡಿದ್ದ ದಾವೆಯಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಈ ವಿನಾಯಿತಿಯನ್ನು ಎತ್ತಿಹಿಡಿದದ್ದು, ದುಬಾರಿ ಪುಸ್ತಕ ಕೊಳ್ಳಲಾಗದ ಮಕ್ಕಳ ಪಾಲಿಗೆ ನಿಜಕ್ಕೂ ದೊಡ್ಡ ಆಸರೆ. ಹಾಗೆಂದು ಅದು ಯಾವ ಪುಸ್ತಕವನ್ನಾದರೂ ನಕಲು ಮಾಡಿ ಮಾರಲು ಕೊಟ್ಟ ಪರವಾನಗಿಯಲ್ಲ; ಕೆಲವೇ ನೂರು ಪ್ರತಿ ಅಚ್ಚು ಹಾಕಿಸುವ ಸಣ್ಣ ಕನ್ನಡ ಪ್ರಕಾಶಕರಿಗೆ ಕಳ್ಳಪ್ರತಿಯ ಪೆಟ್ಟು ನೇರವಾಗಿಯೇ ಬೀಳುತ್ತದೆ.

ಲೇಖಕರು ತೀರಿಕೊಂಡ ಮರುವರ್ಷದಿಂದ ಲೆಕ್ಕ ಹಾಕಿ 60 ವರ್ಷ ಪೂರೈಸಿ ಕೃತಿಸ್ವಾಮ್ಯ ಮುಗಿದ ಹಳೆಯ ಕೃತಿಗಳನ್ನಾದರೆ ಇಡಿಯಾಗಿ ಪ್ರಿಂಟ್ ಮಾಡಿ, ಸ್ಪೈರಲ್ ಬೈಂಡಿಂಗ್ ಹಾಕಿಕೊಡುತ್ತಾರೆ. ನಾನು ಮಾಡಿಸಿದ ಪ್ರತಿಯಲ್ಲಿ ಒತ್ತಕ್ಷರಗಳೂ ಸ್ಪಷ್ಟವಾಗಿ ಮೂಡಿವೆ. ಎಡ ಅಂಚಿನಲ್ಲಿ ಸಾಕಷ್ಟು ಜಾಗ ಬಿಡದ ಕಾರಣ ಕೆಲವು ಸಾಲುಗಳ ಮೊದಲ ಅಕ್ಷರ ಬೈಂಡಿಂಗ್ ತೂತಿಗೆ ಸಿಕ್ಕಿಹೋಗಿರುವುದು ಮಾತ್ರ ಬೇಸರದ ಸಂಗತಿ. ಕೊಡುವಾಗಲೇ ಅಂಚಿನ ಅಳತೆ ಹೇಳುವುದು ಒಳ್ಳೆಯದು. ಪರೀಕ್ಷೆ ಸಮಯದಲ್ಲಿ ಸಂಜೆ ವಿಪರೀತ ರಶ್ ಇರುವುದರಿಂದ ಬೆಳಿಗ್ಗೆ ಹೋಗಬೇಕು.