ನಿಶಿ ಕಸಾಯಿಯ ನಮ್ಮ ಬೀದಿಯ ಸುಶಿ ಅಂಗಡಿ: ಆರು ವರ್ಷದ ಅನುಭವ

ಟೋಕಿಯೋದ ನಿಶಿ ಕಸಾಯಿಗೆ ಬಂದ ಹೊಸತರಲ್ಲಿ ಈ ಅಂಗಡಿಯ ಮುಂದೆ ದಿನಾ ಓಡಾಡುತ್ತಿದ್ದೆ, ಒಳಗೆ ಕಾಲಿಟ್ಟಿರಲಿಲ್ಲ. ಬಾಗಿಲಿಗೆ ನೀಲಿ ಬಟ್ಟೆಯ ಪರದೆ. ಹೊರಗೆ ಬೆಲೆಯ ಬೋರ್ಡೂ ಇಲ್ಲ. ಒಂದು ದಿನ ಆಫೀಸಿನ ಹಿರಿಯರೊಬ್ಬರು ಮಧ್ಯಾಹ್ನ ಊಟಕ್ಕೆ ಕರೆದುಕೊಂಡು ಹೋದರು. ಅಲ್ಲಿಂದ ಆರು ವರ್ಷವಾಯಿತು, ತಿಂಗಳಿಗೆ ಎರಡು ಸಲವಾದರೂ ಹೋಗುತ್ತೇನೆ.

ಕೌಂಟರಿನಲ್ಲಿ ಎಂಟೇ ಕುರ್ಚಿ. ಸುಶಿ ಮಾಡುವವರು ಒಬ್ಬರೇ, ಅವರನ್ನು ಎಲ್ಲರೂ 'ತೈಶೋ' ಅಂತ ಕರೆಯುತ್ತಾರೆ. ಚಹಾ, ಬಿಲ್ಲು ಎಲ್ಲ ಅವರ ಹೆಂಡತಿಯ ಕೈಯಲ್ಲಿ.

ನಾನು ಮಲ್ಪೆ ಕಡೆಯವನು, ಮೀನು ತಿಂದೇ ಬೆಳೆದವನು. ಮೀನಿನ ರುಚಿ ನೋಡೋಣ ಅಂತ ಹೋದೆ, ಮನಸ್ಸು ಗೆದ್ದದ್ದು ಅನ್ನ. ವಿನೆಗರ್, ಉಪ್ಪು, ಚೂರು ಸಕ್ಕರೆ, ಅಷ್ಟೇ. ಬಿಸಿ ಅನ್ನವನ್ನು ಅಗಲವಾದ ಮರದ ಪಾತ್ರೆಗೆ ಸುರಿದು, ಕಾಳು ಮುರಿಯದ ಹಾಗೆ ಕಲಸುತ್ತಾರೆ. ಅದರ ಪುಟ್ಟ ಉಂಡೆಯ ಮೇಲೆ ಮೀನಿನ ತುಂಡಿಟ್ಟ ಸುಶಿ ಕೈಗೆ ಬಂದಾಗ ಅನ್ನ ಮೈಯಷ್ಟೇ ಬೆಚ್ಚಗಿರುತ್ತದೆ, ಬಾಯಲ್ಲಿಟ್ಟರೆ ತಾನಾಗಿ ಬಿಡಿಬಿಡಿಯಾಗುತ್ತದೆ. ಬೆಲ್ಟಿನ ಮೇಲೆ ತಟ್ಟೆ ಸುತ್ತುವ ಅಂಗಡಿಗಳಲ್ಲಿ ಅರ್ಧ ಬೆಲೆಗೆ ಸಿಗುತ್ತದೆ ನಿಜ, ಆದರೆ ಅಲ್ಲಿ ನನಗೆ ಸಿಕ್ಕಿದ್ದು ಗಟ್ಟಿಯಾಗಿ ಒತ್ತಿದ ತಣ್ಣನೆ ಅನ್ನ. ಅನ್ನ ಉಣ್ಣುವ ನಮಗೆ ಈ ವ್ಯತ್ಯಾಸ ಮೊದಲ ತುತ್ತಿಗೇ ಗೊತ್ತಾಗುತ್ತದೆ, ಅಲ್ವಾ? ಕೈಯಲ್ಲೇ ತಿನ್ನಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಸೋಯಾ ಸಾಸ್ ಅನ್ನಕ್ಕೆ ತಾಗಿಸಬೇಡಿ, ಮೀನಿನ ಬದಿಯನ್ನು ಅದ್ದಿ.

ಇಲ್ಲಿ ತಪ್ಪದೆ ತಿನ್ನಬೇಕಾದದ್ದು 'ಸಾಬಾ', ಅಂದರೆ ನಮ್ಮ ಬಂಗುಡೆಯ ಬಳಗದ ಮೀನು. ಅದನ್ನು ಹಸಿಯಾಗಿ ಹಾಗೇ ಕೊಡುವುದಿಲ್ಲ. ಎರಡು ಸೀಳು ಮಾಡಿ, ಬೆಳ್ಳಗೆ ಕಾಣುವಷ್ಟು ಉಪ್ಪು ಸವರಿ ಇಡುತ್ತಾರೆ. ನೀರು ಬಿಟ್ಟ ಮೇಲೆ ತೊಳೆದು ವಿನೆಗರಿನಲ್ಲಿ ನೆನೆಸುತ್ತಾರೆ. ಮೇಲಿನ ತೆಳು ಸಿಪ್ಪೆಯನ್ನು ತಲೆಯ ಕಡೆಯಿಂದ ಬೆರಳಲ್ಲೇ ಎಳೆದು ತೆಗೆಯುವುದನ್ನು ಕೂತಲ್ಲಿಂದಲೇ ನೋಡಬಹುದು. ಒಳಗೆ ಬೆಳ್ಳಿಯ ಹಾಗೆ ಹೊಳೆಯುತ್ತದೆ, ಕತ್ತರಿಸಿದರೆ ಅಂಚು ಬಿಳಿ, ನಡುವೆ ನಸುಗೆಂಪು. ಹಸಿ ಮೀನಿನೊಳಗೆ ಹುಳ ಇರಬಹುದು, ಹುಳಿ ಹಾಕಿದರೆ ಅದು ಸಾಯುತ್ತದಲ್ಲ ಅಂತ ಒಮ್ಮೆ ಕೇಳಿದೆ. ತೈಶೋ ಜೋರಾಗಿ ತಲೆಯಾಡಿಸಿದರು. ವಿನೆಗರಿಗೆ ಅದು ಸಾಯುವುದಿಲ್ಲ, ಮೈನಸ್ 20 ಡಿಗ್ರಿಯಲ್ಲಿ 24 ಗಂಟೆಗಿಂತ ಜಾಸ್ತಿ ಇಡಬೇಕು, ನಾನು ಹಾಗೇ ಮಾಡುತ್ತೇನೆ ಅಂದರು. ಮನೆಯಲ್ಲಿ ಸುಮ್ನೆ ಪ್ರಯೋಗ ಮಾಡುವವರು ಇದನ್ನು ನೆನಪಿಡಿ.

ನನ್ನ ಹೆಂಡತಿ ತುಮಕೂರಿನವಳು. ಅತ್ತೆ ಬಂದಿದ್ದಾಗ ಅವರನ್ನೂ ಕರೆದುಕೊಂಡು ಹೋಗಿದ್ದೆವು. ಅವರು ಮೀನು, ಮೊಟ್ಟೆ ಮುಟ್ಟುವುದಿಲ್ಲ. ಸಿಹಿ ತೋಫು ಚೀಲದಲ್ಲಿ ಅನ್ನ ತುಂಬಿದ 'ಇನಾರಿ' ಹೇಳಿದೆ. ತೈಶೋ ಕೈ ನಿಲ್ಲಿಸಿದರು. ಆ ತೋಫು ಬೇಯಿಸುವ ನೀರಿಗೆ ಒಣಮೀನಿನ ಸಾರ ಹಾಕುತ್ತೇನೆ, ಅಮ್ಮನಿಗೆ ಬೇಡ ಅಂದರು. ಬದಲಿಗೆ ಸೌತೆಕಾಯಿ ಸುರುಳಿ ಕೊಟ್ಟರು. ಜೊತೆಗೆ ಒಣಗಿಸಿದ ಸೋರೆಕಾಯಿ ಪಟ್ಟಿಯ ಸುರುಳಿ, ಅದನ್ನು ಬರೀ ಸೋಯಾ ಸಾಸ್, ಸಕ್ಕರೆಯಲ್ಲಿ ಬೇಯಿಸಿದ್ದರಂತೆ. ಅದಕ್ಕೆ ಮೊದಲು ಚಾಕು, ಹಲಗೆ ಎರಡನ್ನೂ ತೊಳೆದುಕೊಂಡರು. "ಕೇಳದೇ ಇದ್ದರೂ ಹೇಳಿಬಿಟ್ಟರಲ್ಲಪ್ಪ, ಒಳ್ಳೆಯ ಮನುಷ್ಯ" ಅಂದರು ಅತ್ತೆ. ಸಸ್ಯಾಹಾರಿಗಳಿಗೆ ನನ್ನ ಕಿವಿಮಾತು: ತರಕಾರಿ ಕಂಡರೂ ಒಂದು ಮಾತು ಕೇಳಿ.

ಕೊರತೆ ಇಲ್ಲವೆಂದಲ್ಲ. ಕಾರ್ಡ್ ತೆಗೆದುಕೊಳ್ಳುವುದಿಲ್ಲ. ಮಧ್ಯಾಹ್ನದ ಸೆಟ್ ನಾನು ಶುರು ಮಾಡಿದಾಗ 1,100 ಯೆನ್ ಇತ್ತು, ಈಗ 1,500. ರಾತ್ರಿ ಬೇಕುಬೇಕಾದ್ದು ಹೇಳುತ್ತಾ ಹೋದರೆ ಆರು ಸಾವಿರ ದಾಟುತ್ತದೆ. ತೊಯೊಸು ಮೀನು ಮಾರುಕಟ್ಟೆಗೆ ಭಾನುವಾರ ರಜೆ, ಹಾಗಾಗಿ ಭಾನುವಾರ ರಾತ್ರಿ ಆಯ್ಕೆ ಕಡಿಮೆ. ಒಂದು ಸಲ ಕೊನೆಯ ಹೊತ್ತಿಗೆ ಹೋದಾಗ ಅನ್ನ ಒಣಗಿ ಗಟ್ಟಿಯಾಗಿತ್ತು. ಬೇಜಾರಾಯಿತು. ಅಂದಿನಿಂದ ಸಂಜೆ ಆರಕ್ಕೇ ಹೋಗಿ ಕೂರುತ್ತೇನೆ.

ಬೇಸಿಗೆಯಲ್ಲಿ 'ಶಿಂಕೊ' ಅಂತ ಬೆರಳುದ್ದದ ಮರಿಮೀನು ಬರುತ್ತದೆ, ಕೆಲವೇ ವಾರ. ಬೆಳೆದ ಹಾಗೆ ಅದೇ ಮೀನಿನ ಹೆಸರು 'ಕೊಹಾದಾ' ಆಗುತ್ತದೆ. ಹೋದ ವರ್ಷ ಊರಿಗೆ ಹೋಗಿದ್ದರಿಂದ ನನಗೆ ತಪ್ಪಿಹೋಯಿತು. ಈ ಸಲ ಬಂದ ದಿನವೇ ಫೋನ್ ಮಾಡುತ್ತೇನೆ ಅಂತ ತೈಶೋ ನನ್ನ ನಂಬರ್ ಬರೆದುಕೊಂಡಿದ್ದಾರೆ.