ನಮ್ಮ ಹಳೇ ರಾಜಧಾನಿಯ ದೊಡ್ಡ ಹೋಟೆಲಿನಲ್ಲಿ ಒಂದು ಚಹಾ

ಮೊದಲೇ ಹೇಳಿಬಿಡುತ್ತೇನೆ, ಮುಂಬೈನ ತಾಜ್ ಮಹಲ್ ಪ್ಯಾಲೇಸ್‌ನಲ್ಲಿ ನಾವು ರೂಮು ಮಾಡಿ ಉಳಿದಿಲ್ಲ. ಅಷ್ಟು ದುಡ್ಡು ಕೊಡುವ ತಾಕತ್ತು ನಮಗಿಲ್ಲ. ಮಧ್ಯಾಹ್ನದ ಹೈ ಟೀಗೆ ಹೋಗಿ, ಒಳಗೆಲ್ಲ ಕಣ್ಣು ಹಾಯಿಸಿ, ಬಿಲ್ ಕೊಟ್ಟು ಬಂದವರು ನಾವು. ಹಾಗಾಗಿ ಹಾಸಿಗೆ ಮೆತ್ತಗಿತ್ತಾ, ಬಾತ್‌ರೂಮು ಎಷ್ಟು ದೊಡ್ಡದಿತ್ತು ಅಂತೆಲ್ಲ ಕೇಳಬೇಡಿ. ಇದು ಕಟ್ಟಡದ ರಿವ್ಯೂ, ಅದರ ಇತಿಹಾಸದ ರಿವ್ಯೂ, ಜೊತೆಗೆ ಸೀ ಲೌಂಜ್ ಅನ್ನುವ ಚಹಾದ ಕೋಣೆಯದ್ದು. ಖಂಡಿತ ಹೋಗಿ, ಆದರೆ ಹೊಟ್ಟೆಗಾಗಿ ಅಲ್ಲ.

ಕುಮಟೆಯಲ್ಲಿ ಕೂತವರಿಗೆ ಮುಂಬೈ ಹೋಟೆಲಿನ ಉಸಾಬರಿ ಯಾಕೆ ಅಂತೀರಾ? 1862ರಿಂದ 1956ರ ನವೆಂಬರ್ 1ರ ತನಕ ನಮ್ಮ ಉತ್ತರ ಕನ್ನಡ ಜಿಲ್ಲೆ ಇದ್ದದ್ದು ಬಾಂಬೆ ಆಡಳಿತದಲ್ಲಿ. ಅದಕ್ಕೂ ಮೊದಲು ಮದ್ರಾಸ್. ಅಂದರೆ ಈ ಹೋಟೆಲು ಬಾಗಿಲು ತೆರೆದಾಗ ನಮ್ಮ ಮುತ್ತಜ್ಜಂದಿರ ರಾಜಧಾನಿ ಬೆಂಗಳೂರಲ್ಲ, ಮೈಸೂರೂ ಅಲ್ಲ, ಬಾಂಬೆ. ಅಪೀಲು ಹಾಕುವವರು ಬಾಂಬೆ ಹೈಕೋರ್ಟಿಗೆ ಹೋಗಬೇಕಿತ್ತು. ಕೆಲಸ ಹುಡುಕುವವರು ಆಗಬೋಟು ಹತ್ತಿ ಅಲ್ಲಿಗೇ ಹೋಗುತ್ತಿದ್ದರು. ನಮ್ಮನ್ನು ಮದ್ರಾಸಿನಿಂದ ಬಿಡಿಸಿ ಬಾಂಬೆಗೆ ಸೇರಿಸಿದ್ದೂ ಹತ್ತಿಯ ದೆಸೆಯಿಂದ. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ನಮ್ಮ ಬಂದರುಗಳಿಂದ ಹಡಗು ಹತ್ತುತ್ತಿತ್ತು, ಮತ್ತು ಬಾಂಬೆಯ ಹತ್ತಿ ಪೇಟೆಯಲ್ಲಿ ಆ ಮಾಲು ನಡೆಯುತ್ತಿದ್ದದ್ದು ಕುಮಟಾ ಹತ್ತಿ ಅನ್ನುವ ಹೆಸರಿನಲ್ಲಿ. ಬೆಳೆದದ್ದು ಅವರು, ಹೆಸರು ನಮ್ಮೂರಿಗೆ! ಕಾರವಾರವನ್ನು ದೊಡ್ಡ ಹತ್ತಿ ಬಂದರು ಮಾಡಬೇಕು ಅಂತ ಆಗ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಹತ್ತಿ ವ್ಯಾಪಾರಸ್ಥರಿಗೆ ಬಹಳ ಆಸೆ ಇತ್ತು. ಹುಬ್ಬಳ್ಳಿಯಿಂದ ಕರಾವಳಿಗೆ ರೈಲು ಬರುತ್ತದೆ ಅನ್ನುವ ಮಾತೂ ಆ ಕಾಲದ್ದೇ, ಇವತ್ತಿಗೂ ಮಾತು ನಡೆಯುತ್ತಲೇ ಇದೆ, ಇರಲಿ ಬಿಡಿ.

ತಾಜ್ ಕಟ್ಟಿದ ಜಮ್‌ಶೇಟ್‌ಜಿ ಟಾಟಾ ಕೂಡ ಹತ್ತಿಯಿಂದಲೇ ಮೇಲೆ ಬಂದವರು. ನಾಗಪುರದ ಅವರ ಎಂಪ್ರೆಸ್ ಮಿಲ್ಲು ಶುರುವಾದದ್ದು 1877ರ ಜನವರಿ 1ಕ್ಕೆ. ಮುಂದೆ ಕಬ್ಬಿಣದ ಕಾರ್ಖಾನೆ ಮಾಡಬೇಕು, ಬೆಂಗಳೂರಿನಲ್ಲಿ ವಿಜ್ಞಾನದ ಸಂಸ್ಥೆ ಮಾಡಬೇಕು ಅಂತೆಲ್ಲ ಓಡಾಡುತ್ತಿದ್ದ ಮನುಷ್ಯ ಒಂದು ದಿನ ಹೋಟೆಲನ್ನೂ ಕಟ್ಟುತ್ತೇನೆ ಅಂದಾಗ ಅವರ ಅಕ್ಕತಂಗಿಯರಲ್ಲೊಬ್ಬರು, ಅದೆಲ್ಲ ಸರಿ, ಈಗ ಖಾನಾವಳಿ ಬೇರೆ ಇಡುತ್ತೀಯಾ ಅಂತ ನಕ್ಕರಂತೆ. ಟಾಟಾ ಮನೆತನದ ಬಗ್ಗೆ ಹೇಳುವವರೆಲ್ಲ ಈ ಮಾತು ಹೇಳುತ್ತಾರೆ. ನನಗೆ ಇಷ್ಟವಾದ ಕತೆ ಇದು. ಮನೆಯ ಹೆಣ್ಣುಮಕ್ಕಳು ಹಾಗೇ ಹೇಳೋದು ಅಲ್ವಾ.

ಖಾನಾವಳಿಗೆ ಸಾಮಾನು ತರಲು ಅವರು ಊರೂರು ಸುತ್ತಿದರು. ವಿದ್ಯುತ್ ಯಂತ್ರ ಜರ್ಮನಿಯ ಡುಸೆಲ್‌ಡಾರ್ಫ್‌ನಿಂದ. ತೂಗುದೀಪ ಬರ್ಲಿನ್ನಿಂದ. ಫ್ಯಾನು ಅಮೆರಿಕದಿಂದ. ದೊಡ್ಡ ಹಾಲ್‌ಗೆ ಬೇಕಾದ ಕಬ್ಬಿಣದ ಕಂಬ ಪ್ಯಾರಿಸ್ಸಿನಿಂದ. ಲಿಫ್ಟು, ಟರ್ಕಿ ಶೈಲಿಯ ಸ್ನಾನದ ಮನೆ, ಐಸು ಮಾಡುವ ಯಂತ್ರ, ಎಲ್ಲ ಇತ್ತು. ಬಾಂಬೆಯಲ್ಲಿ ಕರೆಂಟು ದೀಪ ಹೊತ್ತಿದ ಮೊದಲ ಕಟ್ಟಡ ಇದೇ ಅಂತ ಹೇಳುತ್ತಾರೆ. 1903ರ ಡಿಸೆಂಬರ್ 16ರಂದು ಹೋಟೆಲು ಶುರುವಾಯಿತು, ಆಗಿನ್ನೂ ಕೆಲಸ ಪೂರ್ತಿ ಮುಗಿದಿರಲಿಲ್ಲ. ಇಷ್ಟೆಲ್ಲ ಮಾಡಿ ಮೊದಲ ದಿನ ಬಂದ ಗಿರಾಕಿಗಳು ಎಷ್ಟು ಗೊತ್ತಾ? 17 ಜನ! ಫ್ಯಾನು ಮತ್ತು ಅಟ್ಯಾಚ್ಡ್ ಬಾತ್‌ರೂಮು ಇರುವ ಕೋಣೆಗೆ ಆಗ 13 ರೂಪಾಯಿ, ಊಟ ಸೇರಿದರೆ 20. ಕಟ್ಟಿಸಿದವರು ಮುಂದಿನ ಮೇ ತಿಂಗಳಲ್ಲೇ ಜರ್ಮನಿಯಲ್ಲಿ ತೀರಿಕೊಂಡರು. ಹೋಟೆಲು ತುಂಬಿದ್ದನ್ನು ಅವರು ಸರಿಯಾಗಿ ನೋಡಲೇ ಇಲ್ಲ.

ಈಗ ದಂತಕತೆಗಳ ವಿಷಯ. ಹೋಟೆಲಿನ ಎದುರಿನ ಗೇಟ್‌ವೇ ಆಫ್ ಇಂಡಿಯಾ ಕಮಾನಿನ ಹತ್ತಿರದಿಂದ ಎಲಿಫೆಂಟಾ ದ್ವೀಪಕ್ಕೆ ಹೋಗುವ ಲಾಂಚ್ ಹತ್ತಿದರೆ ಯಾರಾದರೊಬ್ಬರು ಈ ಕತೆ ಹೇಳಿಯೇ ಹೇಳುತ್ತಾರೆ. ನಮಗೂ ಒಬ್ಬ ಗೈಡು ಹೇಳಿದ. ವಿಲಾಯತಿಯ ಇಂಜಿನಿಯರು ನಕ್ಷೆ ಕೊಟ್ಟು ಊರಿಗೆ ಹೋದನಂತೆ, ಇಲ್ಲಿಯವರು ನಕ್ಷೆ ತಿರುವುಮುರುವು ಹಿಡಿದು ಮುಂಭಾಗವನ್ನು ಹಿಂದೆ ಮಾಡಿ ಕಟ್ಟಿಬಿಟ್ಟರಂತೆ, ವಾಪಸ್ ಬಂದವನು ಅದನ್ನು ನೋಡಿ ಮೇಲಿನಿಂದ ಹಾರಿ ಜೀವ ಕಳೆದುಕೊಂಡನಂತೆ. ಲಾಂಚಿನಲ್ಲಿದ್ದವರೆಲ್ಲ ಛೆ ಛೆ ಅಂದರು. ಪೂರ್ತಿ ಬುರುಡೆ. ನಕ್ಷೆ ಮಾಡಿದವರು ವಿಲಾಯತಿಯವರೇ ಅಲ್ಲ, ಸೀತಾರಾಮ್ ಖಂಡೇರಾವ್ ವೈದ್ಯ ಮತ್ತು ಡಿ.ಎನ್. ಮಿರ್ಜಾ ಅನ್ನುವ ಇಲ್ಲಿಯವರೇ. ವೈದ್ಯರು ಕೆಲಸ ನಡೆಯುತ್ತಿರುವಾಗಲೇ ತೀರಿಕೊಂಡರು. ಕೊನೆಗೆ ಮುಗಿಸಿದವರು ಡಬ್ಲ್ಯು.ಎ. ಚೇಂಬರ್ಸ್ ಅನ್ನುವ ಇಂಗ್ಲಿಷ್ ವಾಸ್ತುಶಿಲ್ಪಿ. ಮೊದಲು ಹೋಟೆಲಿಗೆ ಹೋಗುವ ಬಾಗಿಲು ಊರಿನ ಕಡೆಗೆ ಇತ್ತು, ಅದು ನಿಜ. ಕುದುರೆ ಗಾಡಿಗಳು ಬರುವುದು ಆ ಕಡೆಯ ರಸ್ತೆಯಿಂದ ತಾನೇ? ಎರಡು ರೆಕ್ಕೆಗಳ ನಡುವಿನ ಆ ಅಂಗಳದಲ್ಲಿ ಈಗ ಈಜುಕೊಳ ಇದೆ, ನಾವು ಒಳಗೆ ಹೋಗುವುದು ಸಮುದ್ರದ ಕಡೆಯಿಂದ. ತಪ್ಪಿ ಕಟ್ಟಿದ್ದಲ್ಲ, ಬೇಕಂತಲೇ ಹಾಗೆ ಕಟ್ಟಿದ್ದು.

ಇನ್ನೊಂದು ಕತೆ ಇದಕ್ಕಿಂತ ಜಾಸ್ತಿ ಓಡಾಡುತ್ತದೆ. ಜಮ್‌ಶೇಟ್‌ಜಿಯವರನ್ನು ಬಿಳಿಯರ ವಾಟ್ಸನ್ಸ್ ಹೋಟೆಲಿನೊಳಗೆ ಬಿಡಲಿಲ್ಲ, ಆ ಸಿಟ್ಟಿಗೆ ಅವರು ತಾಜ್ ಕಟ್ಟಿದರು ಅಂತ. ಕೇಳಲು ಚೆನ್ನಾಗಿದೆ, ಆದರೆ ಗಟ್ಟಿ ಆಧಾರ ಇಲ್ಲ. 1896ರಲ್ಲಿ ಊರಿಗೆ ಪ್ಲೇಗು ಬಂದು ಜನ ಗುಳೆ ಎದ್ದು ಹೋಗಿ ಬಾಂಬೆಯ ಹೆಸರೇ ಕೆಟ್ಟಿತ್ತು. ಅಂಥ ಹೊತ್ತಿನಲ್ಲಿ ಈ ಊರಿಗೆ ಮತ್ತೆ ಜನ ಬರಬೇಕು ಅಂತ ಒಬ್ಬ ವ್ಯಾಪಾರಿ ಸಮುದ್ರದ ದಂಡೆಯಲ್ಲಿ ಅಷ್ಟು ದುಡ್ಡು ಸುರಿದ ಅನ್ನುವುದು ನನಗೆ ಸಿಟ್ಟಿನ ಕತೆಗಿಂತ ದೊಡ್ಡದಾಗಿ ಕಾಣುತ್ತದೆ. ಅಂದಹಾಗೆ ಆ ವಾಟ್ಸನ್ಸ್ ಕಟ್ಟಡ ಕಾಲಾಘೋಡಾದ ಹತ್ತಿರ ಈಗಲೂ ಇದೆ. 1896ರ ಜುಲೈ 7ರಂದು ನಮ್ಮ ದೇಶದಲ್ಲಿ ಮೊದಲ ಸಲ ಸಿನಿಮಾ ತೋರಿಸಿದ್ದು ಅಲ್ಲೇ. ಹೋಟೆಲು ಮುಚ್ಚಿ ಎಷ್ಟೋ ಕಾಲವಾಯಿತು.

ನಮ್ಮ ಜೊತೆ ಡೊಂಬಿವಲಿಯ ಚಿಕ್ಕಿ ಬಂದಿದ್ದರು. ಮದುವೆಯಾಗಿ ಮುಂಬೈ ಸೇರಿ ಮೊಮ್ಮಕ್ಕಳನ್ನು ಕಂಡವರು. ಊರಿನಿಂದ ಬಂದವರನ್ನೆಲ್ಲ ಗೇಟ್‌ವೇಗೆ ಕರೆತಂದು ತಾಜ್ ಹಿಂದೆ ಕಾಣುವ ಹಾಗೆ ಫೋಟೋ ತೆಗೆಸಿದ್ದಾರೆ, ತಾವು ಮಾತ್ರ ಒಳಗೆ ಕಾಲಿಟ್ಟಿರಲಿಲ್ಲ. "ನಮ್ಮನ್ನೆಲ್ಲ ಒಳಗೆ ಬಿಡ್ತಾರಾ?" ಅಂತ ಬಾಗಿಲ ತನಕ ಕೇಳುತ್ತಲೇ ಇದ್ದರು. ಬಿಡುತ್ತಾರೆ. ಬ್ಯಾಗು ಸ್ಕ್ಯಾನ್ ಮಾಡುತ್ತಾರೆ, ಆಮೇಲೆ ನಮಸ್ತೆ ಹೇಳಿ ದಾರಿ ತೋರಿಸುತ್ತಾರೆ. ನಮ್ಮ ಸೀರೆ, ನಮ್ಮ ಹಿಂದಿ ಯಾವುದಕ್ಕೂ ಯಾರೂ ಮುಖ ಸಿಂಡರಿಸಲಿಲ್ಲ. ಬರ್ಮುಡಾ, ಹವಾಯಿ ಚಪ್ಪಲಿ ಹಾಕಿಕೊಂಡು ಹೋಗಬೇಡಿ, ಅಷ್ಟೇ.

ಒಳಗೆ ಹೋದ ಮೇಲೆ ನೋಡಬೇಕಾದ್ದು ಮೆಟ್ಟಿಲು. ಬೇರೆ ಎಲ್ಲ ಬಿಟ್ಟರೂ ಅದನ್ನು ಬಿಡಬೇಡಿ. ದೊಡ್ಡ ಗುಮ್ಮಟದ ಕೆಳಗೆ ಜಮ್‌ಶೇಟ್‌ಜಿಯವರ ಎದೆಮಟ್ಟದ ಮೂರ್ತಿ ಇದೆ, ಅಲ್ಲಿಂದ ಮೆಟ್ಟಿಲು ಕವಲೊಡೆದು ಮೇಲೆ ಹೋಗುತ್ತದೆ. ನಡುವೆ ಅದನ್ನು ಹೊತ್ತು ನಿಂತ ಕಂಬಗಳಿಲ್ಲ, ಗೋಡೆಯಿಂದ ಚಾಚಿಕೊಂಡ ಹಾಗಿದೆ. ಕೈಹಿಡಿಕೆಯ ಕೆಳಗೆ ಕಪ್ಪು ಕಬ್ಬಿಣದ ಬಳ್ಳಿ ಕೆಲಸ, ಕತ್ತೆತ್ತಿದರೆ ಮಹಡಿ ಮೇಲೆ ಮಹಡಿ, ಸಾಲು ಸಾಲು ಕಮಾನು. ಇದನ್ನು ರೂಪಿಸಿದವರು ಕಟ್ಟಡದ ಗುತ್ತಿಗೆ ಹಿಡಿದ ಖಾನ್ ಸಾಹೇಬ್ ಸೊರಾಬ್ಜಿ ರತ್ತನ್‌ಜಿ ಕಂಟ್ರಾಕ್ಟರ್. ಪಾರ್ಸಿಗಳ ಅಡ್ಡಹೆಸರು ಎಷ್ಟು ಸಲೀಸು ನೋಡಿ. ನಾನು ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತಿದ್ದರೆ ನಮ್ಮ ಆಯಿ ಕಬ್ಬಿಣದ ಬಳ್ಳಿಯ ಸಂದಿಯಲ್ಲಿ ಬೆರಳಾಡಿಸಿ ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. ಧೂಳು ಇರಲಿಲ್ಲ. "ತಮಾ, ಇದನ್ನೆಲ್ಲ ದಿನಾ ಒರಸೋದು ಯಾರೋ?" ಅಂದಳು. ಹೋಟೆಲಿಗೆ ಅವಳು ಕೊಟ್ಟ ಸರ್ಟಿಫಿಕೇಟು ಅದು. ಇಂಥ ಮಾತು ಅವಳ ಬಾಯಲ್ಲಿ ಸುಮ್ನೆ ಬರುವುದಿಲ್ಲ.

ಎಷ್ಟೋ ಜನ ಗೇಟ್‌ವೇ ಹಳೆಯದು, ಹೋಟೆಲು ಆಮೇಲೆ ಬಂತು ಅಂದುಕೊಂಡಿದ್ದಾರೆ. ತಿರುಗಾಮುರುಗಾ. ಗೇಟ್‌ವೇ ಮುಗಿದು ತೆರೆದದ್ದು 1924ರ ಡಿಸೆಂಬರ್‌ನಲ್ಲಿ, ಅಷ್ಟೊತ್ತಿಗೆ ಹೋಟೆಲಿಗೆ 21 ವರ್ಷ. ಅದಕ್ಕೂ ಮುಂಚೆ ಹಡಗಿನಲ್ಲಿ ಬರುವವರಿಗೆ ದೂರದಿಂದ ಕಾಣುತ್ತಿದ್ದದ್ದು ತಾಜ್‌ನ ಗುಮ್ಮಟ. ಮೊದಲ ಮಹಾಯುದ್ಧದಲ್ಲಿ ಈ ಹೋಟೆಲನ್ನೇ 600 ಹಾಸಿಗೆಯ ಆಸ್ಪತ್ರೆ ಮಾಡಿದ್ದರು. ಸರೋಜಿನಿ ನಾಯ್ಡು ಇಲ್ಲೇ ಕೋಣೆ ಹಿಡಿದು ಉಳಿಯುತ್ತಿದ್ದರು. 1933ರಲ್ಲಿ ಶುರುವಾದ ಹಾರ್ಬರ್ ಬಾರ್ ಈ ಊರಿನ ಮೊದಲ ಲೈಸೆನ್ಸಿನ ಬಾರು. ಆಯಿ, ಚಿಕ್ಕಿ ಜೊತೆಗಿದ್ದಾಗ ಆ ಕಡೆ ತಲೆ ಹಾಕುವ ಪ್ರಶ್ನೆಯೇ ಇರಲಿಲ್ಲ.

ಪಕ್ಕದಲ್ಲಿ ಎದ್ದಿರುವ ಟವರ್ 1970ರ ದಶಕದ ಶುರುವಿನದ್ದು. ಅಲ್ಲಿ ಮೊದಲು ಗ್ರೀನ್ಸ್ ಅನ್ನುವ ಇನ್ನೊಂದು ಹಳೇ ಹೋಟೆಲಿತ್ತು, ಅದನ್ನು ಕೆಡವಿ ಇದನ್ನು ಕಟ್ಟಿದರು. ನಮ್ಮ ಕಡೆ ಹಂಚಿನ ಚೌಕಿ ಮನೆಗೆ ತಾಗಿಸಿ ಮಗ ಆರ್‌ಸಿಸಿ ಮನೆ ಎಬ್ಬಿಸುತ್ತಾನಲ್ಲ, ನೋಡಲು ಥೇಟು ಹಾಗಿದೆ. ಉಳಿಯಲು ಹೋಗುವವರು ಬುಕ್ ಮಾಡುವಾಗ ಪ್ಯಾಲೇಸ್ ವಿಂಗೋ ಟವರೋ ಅಂತ ನೋಡಿಕೊಳ್ಳಿ. ಟವರಿನ ರೇಟು ಸಾಮಾನ್ಯವಾಗಿ ಕಡಿಮೆ. ನನ್ನನ್ನು ಕೇಳಿದರೆ, ಇಷ್ಟು ದೂರ ಬಂದು ಟವರಿನಲ್ಲಿ ಮಲಗುವುದಕ್ಕಿಂತ ಬೇರೆ ಕಡೆ ಉಳಿದು ಪ್ಯಾಲೇಸ್‌ನಲ್ಲಿ ಚಹಾ ಕುಡಿಯುವುದು ಲೇಸು.

2008ರ ನವೆಂಬರ್ 26ರ ಉಗ್ರರ ದಾಳಿಯ ರಾತ್ರಿಯನ್ನು ನಾವೆಲ್ಲ ಟೀವಿಯಲ್ಲಿ ನೋಡಿದವರೇ. ಗುಮ್ಮಟದ ಸುತ್ತ ಬೆಂಕಿ ಎದ್ದದ್ದು, 29ರ ಬೆಳಗಿನ ತನಕ ಗುಂಡಿನ ಸದ್ದು. ಗಿರಾಕಿಗಳನ್ನು ಹೊರಗೆ ಸಾಗಿಸುವ ಹೊತ್ತಿನಲ್ಲಿ ಪ್ರಾಣ ಬಿಟ್ಟ ಹೋಟೆಲಿನ ನೌಕರರೂ ಸೇರಿ ಇಲ್ಲಿ 31 ಜನ ಸತ್ತರು. ಒಳಗೆ ಅವರ ಹೆಸರು ಬರೆದ ಸ್ಮಾರಕ ಇದೆ. ಟವರು ಅದೇ ಡಿಸೆಂಬರ್ 21ಕ್ಕೆ ಮತ್ತೆ ತೆರೆಯಿತು. ಹಳೇ ಪ್ಯಾಲೇಸ್ ರಿಪೇರಿಯಾಗಿ ಪೂರ್ತಿ ತೆರೆದದ್ದು 2010ರ ಆಗಸ್ಟ್ 15ಕ್ಕೆ. ಒಳಗೆ ಓಡಾಡುವಾಗ ಇಲ್ಲಿ ಅಂಥದ್ದು ನಡೆದಿತ್ತು ಅಂತ ಗೊತ್ತಾಗುವುದೇ ಇಲ್ಲ, ಅಷ್ಟು ಚೊಕ್ಕ ಕೆಲಸ. ಚಿಕ್ಕಿ ಆ ಹೆಸರುಗಳನ್ನು ಒಂದೊಂದಾಗಿ ಓದಿದರು. ಆ ದಿನಗಳಲ್ಲಿ ಚಿಕ್ಕಪ್ಪ ದಿನಾ ಸಿಎಸ್‌ಟಿ ಮೇಲೆ ಓಡಾಡುತ್ತಿದ್ದವರು, ಸ್ಟೇಷನ್ನಿನಲ್ಲೂ ಗುಂಡು ಹಾರಿತ್ತಲ್ಲ.

ಇನ್ನು ಚಹಾ. ಸೀ ಲೌಂಜ್ ಇರುವುದು ಮೊದಲನೇ ಮಹಡಿಯಲ್ಲಿ. ಕಿಟಕಿ ಹತ್ತಿರ ಕೂತರೆ ಗೇಟ್‌ವೇ, ಅದರಾಚೆ ಲಾಂಚುಗಳು, ನೀರು. ಹಿಂದೆ ಮುಂಬೈನ ಶ್ರೀಮಂತರು ಹುಡುಗ ಹುಡುಗಿಯನ್ನು ಇದೇ ಟೇಬಲುಗಳಲ್ಲಿ ಕೂರಿಸಿ ಸಂಬಂಧ ನೋಡುತ್ತಿದ್ದರು ಅಂತ ಪ್ರತೀತಿ ಇದೆ. ಹೈ ಟೀ ಅಂದರೆ ಬರೀ ಚಹಾ ಅಲ್ಲ. ಒಂದು ಕಡೆ ತೆಳ್ಳಗೆ ಕೊಯ್ದ ಸ್ಯಾಂಡ್‌ವಿಚ್, ಸ್ಕೋನು, ಪೇಸ್ಟ್ರಿ, ಇನ್ನೊಂದು ಕಡೆ ಬಟಾಟೆ ವಡೆ, ಸೇವ್ ಪುರಿ, ಭೇಳ್. ಬಿಳಿ ಟೇಬಲ್ ಬಟ್ಟೆ, ಬೆಳ್ಳಿ ಬಣ್ಣದ ಕೆಟಲಿ, ಆ ಕಡೆ ಈ ಕಡೆ ಭೇಳ್ ಪ್ಲೇಟು. ಈ ಕಲಬೆರಕೆ ನನಗೆ ಬಹಳ ಹಿಡಿಸಿತು, ಬಾಂಬೆ ಅಂದರೆ ಅದೇ ತಾನೇ. ಆಯಿಗೆ ಸ್ಕೋನು ತಿನ್ನುವ ಕ್ರಮ ತಿಳಿಯಲಿಲ್ಲ. ಬಡಿಸುವ ಹುಡುಗ ತಾನಾಗಿ ಬಂದು ಮಧ್ಯಕ್ಕೆ ಸೀಳಿ, ಕೆನೆ, ಜಾಮು ಹಚ್ಚಿ ಕೊಟ್ಟ. ಅವಸರ ಮಾಡಲಿಲ್ಲ, ನಗಲೂ ಇಲ್ಲ. ಇಂಥ ಕಡೆ ನಾವು ಕೊಡುವ ದುಡ್ಡಿನಲ್ಲಿ ಅರ್ಧ ಇದಕ್ಕೇ ಅಂತ ಇಟ್ಟುಕೊಳ್ಳಿ.

ದುಡ್ಡು ಜಾಸ್ತಿಯೇ. ತಲೆಗೆ ಸಾವಿರಗಳ ಲೆಕ್ಕ, ಮೇಲೆ ತೆರಿಗೆ. ಮನೆಮಂದಿಯೆಲ್ಲ ಹೊರಟರೆ ಊರಿನಲ್ಲಿ ಒಂದು ಸತ್ಯನಾರಾಯಣ ಪೂಜೆಯ ಊಟ ಮುಗಿಯುತ್ತದೆ. ರೇಟು ಆಗಾಗ ಬದಲಾಗುವುದರಿಂದ ಫೋನ್ ಮಾಡಿ ಕೇಳಿ, ಹಾಗೇ ಕಿಟಕಿ ಟೇಬಲು ಬೇಕು ಅಂತ ಮೊದಲೇ ಹೇಳಿಡಿ. ವಾರದ ನಡುವಿನ ದಿನ ಒಳ್ಳೆಯದು. ಮಧ್ಯಾಹ್ನ ಊಟ ಬಿಟ್ಟು ಹೋಗಿ. ರೂಮು ಮಾಡಿದವರಿಗೆ ಹೋಟೆಲಿನವರೇ ಹಳೇ ಕಟ್ಟಡ ಸುತ್ತಿಸಿ ಕತೆ ಹೇಳುತ್ತಾರೆ. ನಮ್ಮಂಥವರು ಮೊದಲೇ ಒಂದಿಷ್ಟು ಓದಿಕೊಂಡು ಹೋದರೆ ನೋಡಿದ್ದು ದಕ್ಕುತ್ತದೆ.

ಹೊಟ್ಟೆ ತುಂಬ ಊಟ ಬೇಕಾದವರಿಗೆ ಮಾಟುಂಗಾ ಸ್ಟೇಷನ್ನಿನ ಹತ್ತಿರ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, 1942ರದ್ದು. ಬಾಳೆ ಎಲೆ ಊಟ. ಅದು ಬೇರೆ ಜಾತಿಯ ಹಳೇ ಹೋಟೆಲು, ಅದರ ಬಗ್ಗೆ ಬರೆದರೆ ಇನ್ನೊಂದು ರಿವ್ಯೂ ಆಗುತ್ತದೆ. ತಾಜ್‌ನ ಚಹಾಕ್ಕೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಕಡಿಮೆ ಮಾಡಿದ್ದು ರೇಟಿಗೆ. ಮೆಟ್ಟಿಲಿಗೆ ಐದಕ್ಕೆ ಐದು. ಕುಮಟೆ, ಕಾರವಾರದವರಿಗೆ ಮತ್ಸ್ಯಗಂಧ ರೈಲು ಅನುಕೂಲ, ಸಂಜೆ ಹತ್ತಿದರೆ ಬೆಳಿಗ್ಗೆ ಕುರ್ಲಾ. ಆದರೆ ವಾಪಸ್ ಬರುವ ಗಾಡಿ ಮಧ್ಯಾಹ್ನವೇ ಹೊರಡುತ್ತದೆ, ಚಹಾ ಮತ್ತು ರೈಲು ಎರಡನ್ನೂ ಒಂದೇ ದಿನಕ್ಕೆ ಇಟ್ಟುಕೊಳ್ಳಬೇಡಿ.